ಅಪ್‌ಡೇಟ್: ಕೊನೆಗೂ 4ಕೆ ಮಾನಿಟರ್ ತಗೊಂಡೆ

ಕಮ್ಮಿ ಬಜೆಟ್ಟಲ್ಲಿ ದೊಡ್ಡ 4ಕೆ (3840×2160 ಪಿಕ್ಸೆಲ್, ಅಂದ್ರೆ ಚುಕ್ಕಿ ಇರೋ) ಮಾನಿಟರ್ ಬೇಕು, ಕೋಡಿಂಗು ಮತ್ತೆ ಕನ್ನಡ ಪ್ರೂಫ್ ನೋಡೋಕೆ ಅಂತ ಕೇಳಿದ್ನಲ್ಲ, ಬೆಂಗಳೂರು ಎಸ್‌ಪಿ ರೋಡಲ್ಲಿ 27 ಇಂಚಿನ ಐಪಿಎಸ್ (ಪಕ್ಕದಿಂದ ನೋಡಿದ್ರೂ ಬಣ್ಣ ಅಷ್ಟಾಗಿ ಬದಲಾಗದ ಪ್ಯಾನೆಲ್) ಮಾನಿಟರ್ ಸಿಕ್ತು. "ಅಂಗಡೀಲೇ ಆನ್ ಮಾಡ್ಸಿ, ಬಿಳಿ ಕಪ್ಪು ಸ್ಕ್ರೀನ್ ಹಾಕಿ ಡೆಡ್ ಪಿಕ್ಸೆಲ್ (ಕೆಟ್ಟುಹೋದ ಚುಕ್ಕಿ) ಇದ್ಯಾ ನೋಡಿ" ಅಂದವ್ರಿಗೆ ದೊಡ್ಡ ಥ್ಯಾಂಕ್ಸ್, ಮೊದಲು ತೆಗೆದ ಪೀಸಲ್ಲೇ ಒಂದು ಚುಕ್ಕಿ ಇತ್ತು, ಬೇರೆ ಕೊಟ್ರು.

ಕೆಲವರು ಮಾನಿಟರ್ ಬದ್ಲು 43 ಇಂಚಿನ ಟೀವಿ ತಗೊಳ್ಳಿ ಅಂದಿದ್ರಲ್ಲ, ಫ್ರೆಂಡ್ ಮನೇಲಿ ಹಾಕಿ ನೋಡ್ದೆ, ಸಿನಿಮಾಗೆ ಸೂಪರ್, ಆದ್ರೆ ಕಪ್ಪು ಬ್ಯಾಕ್‌ಗ್ರೌಂಡ್ ಮೇಲೆ ಕೆಂಪು ಅಕ್ಷರ ಎಲ್ಲಾ ಕಲಸಿಹೋಗಿತ್ತು. 4:4:4 (ಪ್ರತಿ ಪಿಕ್ಸೆಲ್ಲಿನ ಬಣ್ಣವೂ ಪೂರ್ತಿ ಇರೋ) ಸಿಗ್ನಲ್ ತಗೊಳ್ಳದೆ ಇರೋ ಟೀವಿಗಳಲ್ಲಿ ಬಣ್ಣದ ವಿವರ ಕಟ್ ಆಗೋದ್ರಿಂದ ಹಿಂಗಾಗತ್ತಂತೆ. 32 ಇಂಚಿನ 1440ಪಿ (2560×1440 ಪಿಕ್ಸೆಲ್) ಮಾನಿಟರ್ ಕೂಡ ನೋಡ್ದೆ, ಇಂಚಿಗೆ 92 ಪಿಕ್ಸೆಲ್ ಅಷ್ಟೇ, ಒತ್ತಕ್ಷರಗಳು ಅಂಚು ಅಂಚಾಗಿ ಕಾಣ್ತವೆ. 27ರ 4ಕೆಲಿ 163 ಬರತ್ತೆ, ಕ್ಷ, ಸ್ತ್ರ ಎಲ್ಲಾ ಅಚ್ಚು ಹಾಕಿದಂಗೆ!

ಯಾರೂ ಹೇಳದೇ ಇದ್ದಿದ್ದು ಒಂದಿದೆ. ಮನೇಲಿ ಹಾಕಿದ್ರೆ ಮೌಸ್ ತಡವರಿಸ್ತಿತ್ತು, ನೋಡಿದ್ರೆ 30 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 30 ಸಲ ಮಾತ್ರ ಚಿತ್ರ ಬದಲಾಗ್ತಿತ್ತು. ನನ್ನ ಹಳೇ ಲ್ಯಾಪ್‌ಟಾಪಿಂದು ಎಚ್‌ಡಿಎಂಐ 1.4 ವರ್ಷನ್ನಿನ ಪೋರ್ಟು, ಅದ್ರಲ್ಲಿ 4ಕೆಗೆ ಅಷ್ಟೇ ಬರೋದು, 60 ಬೇಕಂದ್ರೆ 2.0 ಇರ್ಬೇಕು. ಪುಣ್ಯಕ್ಕೆ ಟೈಪ್-ಸಿ ಪೋರ್ಟಲ್ಲಿ ಡಿಸ್‌ಪ್ಲೇಪೋರ್ಟ್ (ಮಾನಿಟರಿಗೆ ಚಿತ್ರ ಕಳಿಸೋ ಇನ್ನೊಂದು ದಾರಿ) ಔಟ್‌ಪುಟ್ ಇತ್ತು, ಟೈಪ್-ಸಿ ಟು ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದ್ಮೇಲೆ 60 ಬಂತು. ಎಲ್ಲಾ ಟೈಪ್-ಸಿಲೂ ಇದು ಇರಲ್ಲ, ಕೇಬಲ್ ತಗೊಳ್ಳೋಕೆ ಮುಂಚೆ ನಿಮ್ ಲ್ಯಾಪ್‌ಟಾಪ್ ಸ್ಪೆಕ್ಸ್ ನೋಡ್ಕೊಳ್ಳಿ.

ಸ್ಕೇಲಿಂಗ್ (ಅಕ್ಷರ, ಐಕಾನ್ ದೊಡ್ಡದು ಮಾಡೋ ಸೆಟ್ಟಿಂಗ್) 150% ಇಟ್ಕೊಂಡಿದೀನಿ, ಹಂಗಾಗಿ ಜಾಗ 1440ಪಿ ಅಷ್ಟೇ ಸಿಗತ್ತೆ, ಅಕ್ಷರ ಮಾತ್ರ ಶಾರ್ಪು. ಸ್ಟ್ಯಾಂಡು ಒಂದು ಸ್ವಲ್ಪ ಅಲ್ಲಾಡತ್ತೆ, ಮಾನಿಟರ್ ಹಿಡಿದು ನಿಲ್ಸೋ ಆರ್ಮ್ ಹುಡುಕ್ತಾ ಇದೀನಿ.