ವರ್ಲ್ಡ್ ಆಫ್ ಟ್ಯಾಂಕ್ಸ್ ಪಿಸಿ: ಟಿಯರ್ 4ಕ್ಕೆ ಬಂದ್ಮೇಲೆ ಕಾಣದ ಕಡೆಯಿಂದ ಏಟು, ನನ್ನ ಗುಂಡು ಮಾತ್ರ ಬೌನ್ಸ್

ಹೊಸಬ_ಗನ್ನರ್:

ಎಲ್ಲರಿಗೂ ನಮಸ್ಕಾರ. ಪಿಸಿಯಲ್ಲಿ ವರ್ಲ್ಡ್ ಆಫ್ ಟ್ಯಾಂಕ್ಸ್ ಹೊಸದಾಗಿ ಶುರು ಮಾಡಿದ್ದೇನೆ. ಟಿಯರ್ (ಟ್ಯಾಂಕಿನ ದರ್ಜೆ) 1, 2ರಲ್ಲಿ ಏನೂ ತೊಂದರೆ ಇರಲಿಲ್ಲ. ಈಗ ಸೋವಿಯತ್ ಸಾಲಿನಲ್ಲಿ ಟಿ-28 ಆಡ್ತಿದ್ದೇನೆ, ಮುಂದೆ ಕೆವಿ-1 ತಗೊಳ್ಳೋಣ ಅಂತ ಇದೆ.

ಮೂರು ವಿಷಯ ಅರ್ಥ ಆಗ್ತಿಲ್ಲ. ಒಂದು, ಎದುರಿಗೆ ಬಯಲು ಪೂರ್ತಿ ಖಾಲಿ ಕಾಣುತ್ತೆ, ಆದ್ರೆ ನನಗೆ ಮೇಲಿಂದ ಮೇಲೆ ಏಟು ಬೀಳ್ತಾ ಇರುತ್ತೆ. ಎರಡು, ಗುರಿ ಸರಿ ಇದ್ರೂ ಗುಂಡು ಬೌನ್ಸ್ ಆಗುತ್ತೆ. ಮೂರು, ಕ್ರೆಡಿಟ್ ಉಳಿಯೋದೇ ಇಲ್ಲ. ದುಡ್ಡು ಕೊಟ್ಟು ಟಿಯರ್ 8 ಪ್ರೀಮಿಯಂ ಟ್ಯಾಂಕ್ ತಗೊಂಡ್ರೆ ಸರಿಹೋಗುತ್ತಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಪೊದೆ_ಮರೆ:

ನಿಮ್ಮ ಮೊದಲನೇ ಪ್ರಶ್ನೆಯೇ ಈ ಆಟದ ಬೇರು. ಅದು ಗೊತ್ತಾದ್ರೆ ಅರ್ಧ ಆಟ ಬಂದ ಹಾಗೆ.

ಶತ್ರು ನಿಮ್ಮ ಸ್ಕ್ರೀನಿನ ಮೇಲೆ ಕಾಣಿಸೋದಕ್ಕೂ ನಿಮ್ಮ ಕಣ್ಣು ಚುರುಕಾಗಿರೋದಕ್ಕೂ ಸಂಬಂಧ ಇಲ್ಲ. ನಿಮ್ಮ ಟ್ಯಾಂಕಿನ ವ್ಯೂ ರೇಂಜ್ (ಅದರ ನೋಟದ ದೂರ), ಎದುರಾಳಿಯ ಕ್ಯಾಮೊ (ಅವನು ಮರೆಯಾಗೋ ಶಕ್ತಿ), ಇವೆರಡರ ಲೆಕ್ಕ ಅದು. ವ್ಯೂ ರೇಂಜಿನಿಂದ 50 ಕಳೀರಿ, ಬಂದದ್ದನ್ನು ಎದುರಾಳಿಯ ಕ್ಯಾಮೊದಿಂದ ಗುಣಿಸಿ, ಆ ಸಂಖ್ಯೆಯನ್ನು ವ್ಯೂ ರೇಂಜಿನಿಂದ ಕಳೀರಿ. ಉಳಿದದ್ದೇ ಅವನು ಸ್ಪಾಟ್ ಆಗೋ ದೂರ. ನಿಮ್ಮ ವ್ಯೂ ರೇಂಜ್ 400 ಮೀಟರ್, ಅವನ ಕ್ಯಾಮೊ ಶೇಕಡಾ 30 ಅಂತಿಟ್ಕೊಳ್ಳಿ. 350ರಲ್ಲಿ ಶೇಕಡಾ 30 ಅಂದ್ರೆ 105. ಅಂದ್ರೆ 295 ಮೀಟರ್ ಒಳಗೆ ಬಂದ್ರೆ ಮಾತ್ರ ಅವನು ಕಾಣ್ತಾನೆ. ಅದೇ ಅವನು ಒಂದು ದಟ್ಟ ಪೊದೆ ಹಿಂದೆ ನಿಂತ್ರೆ ಇನ್ನೂ 50 ಸೇರಿ ಶೇಕಡಾ 80 ಆಗುತ್ತೆ. ಈಗ ಲೆಕ್ಕ ಹಾಕಿ: 350ರಲ್ಲಿ 280 ಹೋಯ್ತು, 120 ಮೀಟರ್ ಹತ್ತಿರ ಹೋಗೋ ತನಕ ನಿಮಗೆ ಬಯಲು ಖಾಲಿ. ನಿಮಗೆ ಏಟು ಬೀಳ್ತಿರೋದು ಹೀಗೆ.

ಎರಡು ಮಿತಿ ನೆನಪಿಟ್ಕೊಳ್ಳಿ. 50 ಮೀಟರ್ ಒಳಗೆ ಬಂದ ಟ್ಯಾಂಕ್ ಗೋಡೆ ಅಡ್ಡ ಇದ್ರೂ ಸ್ಪಾಟ್ ಆಗುತ್ತೆ. 445 ಮೀಟರಿನ ಆಚೆ ಇರೋದನ್ನು ಎಷ್ಟೇ ವ್ಯೂ ರೇಂಜ್ ಇದ್ರೂ ನೀವು ಸ್ವಂತವಾಗಿ ಸ್ಪಾಟ್ ಮಾಡೋಕಾಗಲ್ಲ. ಸೆಟ್ಟಿಂಗ್ಸ್‌ನ ಜನರಲ್ ಟ್ಯಾಬಿನಲ್ಲಿ ಮಿನಿಮ್ಯಾಪ್ ಭಾಗಕ್ಕೆ ಹೋಗಿ, ವ್ಯೂ ರೇಂಜ್ ಮತ್ತು 445 ಮೀಟರಿನ ವೃತ್ತಗಳನ್ನು ಆನ್ ಮಾಡಿ. ಬಹಳಷ್ಟು ಮ್ಯಾಪ್‌ಗಳು 1000 ಮೀಟರ್ ಉದ್ದಗಲ ಇರೋದ್ರಿಂದ ಒಂದು ಚೌಕ ಅಂದ್ರೆ 100 ಮೀಟರ್. ಹಿಮ್ಮೆಲ್ಸ್‌ಡಾರ್ಫ್ ಥರದ ಊರಿನ ಮ್ಯಾಪ್ ಇದಕ್ಕಿಂತ ಚಿಕ್ಕದು.

ಗುಂಡು ಹಾರಿಸಿದ ಕೂಡಲೇ ಟ್ಯಾಂಕಿನ ಕ್ಯಾಮೊ ಬಿದ್ದುಹೋಗುತ್ತೆ. ನಿಮ್ಮಿಂದ 15 ಮೀಟರ್ ಒಳಗಿರೋ ಪೊದೆಯೂ ಆ ಹೊತ್ತಿಗೆ ತನ್ನ ಮರೆಯನ್ನು ಹೆಚ್ಚುಕಮ್ಮಿ ಕಳ್ಕೊಳ್ಳುತ್ತೆ. ಹೊಸಬರು ಪೊದೆಯೊಳಗೇ ಮೂತಿ ತೂರಿಸಿ ಹೊಡೆದು ಬೆಳಕಿಗೆ ಬೀಳೋದು ಇಲ್ಲೇ. ಗುರುತು ಸುಲಭ: 15 ಮೀಟರ್ ಒಳಗಿದ್ರೆ ಪೊದೆ ಗಾಜಿನ ಹಾಗೆ ಪಾರದರ್ಶಕ ಆಗಿರುತ್ತೆ. ಎಲೆಗಳು ಮತ್ತೆ ಗಟ್ಟಿಯಾಗಿ ಕಾಣೋ ತನಕ ಮೆಲ್ಲಗೆ ರಿವರ್ಸ್ ಬನ್ನಿ, ಆಮೇಲೆ ಹೊಡೀರಿ.

ಇನ್ನು ಸ್ಕ್ರೀನಿನ ಮೇಲೆ ಹೊತ್ಕೊಳ್ಳೋ ಬಲ್ಬ್, ಸಿಕ್ಸ್ತ್ ಸೆನ್ಸ್. ನೀವು ಸ್ಪಾಟ್ ಆಗಿ ಸುಮಾರು 3 ಸೆಕೆಂಡ್ ಆದ್ಮೇಲೆ ಅದು ಉರಿಯೋದು. ಅಷ್ಟರಲ್ಲಿ ಯಾರೋ ನಿಮ್ಮ ಮೇಲೆ ಗುರಿ ಇಟ್ಟಾಗಿರುತ್ತೆ. ‘ಇನ್ನೊಂದು ಗುಂಡು ಹೊಡೆದು ಹೋಗೋಣ’ ಅಂತ ನಿಲ್ಲಬೇಡಿ. ಬಂಡೆ, ಮನೆ, ದಿಬ್ಬ, ಇಂಥ ಗಟ್ಟಿ ಮರೆಗೆ ಸರೀರಿ. ಪೊದೆ ಗುಂಡು ತಡೆಯಲ್ಲ. ಅವರ ಕಣ್ಣಿಂದ ತಪ್ಪಿಸಿಕೊಂಡ ಮೇಲೂ ಸುಮಾರು 10 ಸೆಕೆಂಡ್ ಅವರಿಗೆ ನೀವು ಕಾಣ್ತಾನೇ ಇರ್ತೀರಿ, ಅಷ್ಟು ಹೊತ್ತು ಅಲ್ಲೇ ಇರಿ.

ಬಯಲಲ್ಲಿ ಓಡ್ತಾ ಇರೋ ಲೈಟ್ ಟ್ಯಾಂಕ್ ನೋಡಿ ನೀವೂ ಹಾಗೇ ಮಾಡ್ಬೇಡಿ. ಓಡುವಾಗಲೂ ನಿಂತಾಗಿನಷ್ಟೇ ಕ್ಯಾಮೊ ಇರೋದು ಲೈಟ್ ಟ್ಯಾಂಕ್‌ಗೆ ಮಾತ್ರ.

ಉಕ್ಕು_75:

ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ.

ಶೆಲ್ ಮೇಲೆ 120 ಎಂಎಂ ಪೆನಿಟ್ರೇಶನ್ (ಕವಚ ತೂರೋ ಶಕ್ತಿ) ಅಂತ ಬರೆದಿದ್ರೆ ಅದು ಸರಾಸರಿ ಅಷ್ಟೆ. ಪ್ರತಿ ಗುಂಡಿಗೂ 25 ಪರ್ಸೆಂಟ್ ಮೇಲೆ ಕೆಳಗೆ ಆಗುತ್ತೆ, ಅಂದ್ರೆ 90ರಿಂದ 150ರ ತನಕ ಯಾವುದೂ ಬರಬಹುದು. ಡ್ಯಾಮೇಜಿಗೂ ಇದೇ 25. ಗುರಿ ಗುರುತು ಹಸಿರಿದ್ರೂ ಗುಂಡು ನಿಲ್ಲೋದು ಅದಕ್ಕೇ. ಕೆಂಪಿದ್ರೆ ಮಾತ್ರ ಆ ಜಾಗಕ್ಕೆ ಹೊಡೀಬೇಡಿ: ಕೆಳಗಿನ ಪ್ಲೇಟ್, ಟರೆಟ್ (ಗನ್ ಇರೋ ತಿರುಗೋ ಗೋಪುರ) ಮೇಲಿರೋ ಕಮಾಂಡರ್ ಗುಬಟು, ಮೆಷಿನ್ ಗನ್ ಕಿಂಡಿ, ಇವುಗಳಲ್ಲಿ ಯಾವುದು ಕಾಣುತ್ತೆ ನೋಡಿ. ಯಾವ ಟ್ಯಾಂಕಿಗೆ ಎಲ್ಲಿ ತೆಳು ಅಂತ ಟ್ಯಾಂಕ್ಸ್ ಡಾಟ್ ಜಿಜಿ ಸೈಟಿನಲ್ಲಿ 3ಡಿ ಮಾದರಿ ತಿರುಗಿಸಿ ನೋಡಬಹುದು.

ಆಮೇಲೆ ಕೋನ. ಬಾಳೆಕಾಯಿಯನ್ನು ನೇರ ಕೊಯ್ದ್ರೆ ದುಂಡಗಿನ ಚಿಕ್ಕ ಬಿಲ್ಲೆ, ಓರೆಯಾಗಿ ಕೊಯ್ದ್ರೆ ಉದ್ದನೆಯ ಹೋಳು. ಗುಂಡು ಕವಚದೊಳಗೆ ಸಾಗೋ ದಾರಿಯೂ ಓರೆ ಆದಷ್ಟು ಉದ್ದ. ಕೆವಿ-1ರ ಹಲ್ (ಟ್ಯಾಂಕಿನ ಒಡಲು) ಮುಂದೆ 75 ಎಂಎಂ, ಪಕ್ಕಕ್ಕೂ 75. ಮೂಲೆಯನ್ನು ಶತ್ರು ಕಡೆ ಮಾಡಿ 45 ಡಿಗ್ರಿ ನಿಂತ್ರೆ ಎರಡೂ ಕಡೆ 106 ಎಂಎಂ ಆಗುತ್ತೆ. ಎಪಿ ಗುಂಡು (ಕವಚ ತೂರೋ ಸಾಮಾನ್ಯ ಗುಂಡು) ತಾಗಿದಾಗ 5 ಡಿಗ್ರಿ ಒಳಕ್ಕೆ ತಿರುಗೋದ್ರಿಂದ ನಿಜಕ್ಕೂ ಸಿಗೋದು 98ರ ಹತ್ತಿರ. ಆ ಟಿಯರ್‌ನಲ್ಲಿ ಅದು ದೊಡ್ಡ ವ್ಯತ್ಯಾಸ. ಎಪಿ ಗುಂಡು 70 ಡಿಗ್ರಿಗಿಂತ ಓರೆಯಾಗಿ ತಾಗಿದ್ರೆ ಜಾರಿ ಹೋಗುತ್ತೆ, ಹೀಟ್ ಗುಂಡಿಗೆ (ಸ್ಫೋಟದ ಧಾರೆಯಿಂದ ಕವಚ ತೂರೋದು) ಈ ಮಿತಿ 85.

ಆದ್ರೆ ಇದನ್ನ ಎಲ್ಲ ಟ್ಯಾಂಕಿಗೂ ಹಚ್ಚಬೇಡಿ. ಟೈಗರ್ 1ರ ಮುಂಭಾಗ 100, ಪಕ್ಕ 80. 30 ಡಿಗ್ರಿ ತಿರುಗಿದ್ರೆ ಮುಂದೆ 115, ಪಕ್ಕದಲ್ಲಿ 160. 45 ತಿರುಗಿದ್ರೆ ಮುಂದೆ 141 ಸಿಗುತ್ತೆ, ಆದ್ರೆ ಪಕ್ಕ 113ಕ್ಕೆ ಬೀಳುತ್ತೆ, ಹೊಡೆಯೋನು ಅಲ್ಲಿಗೇ ಹೊಡೀತಾನೆ. ಪಕ್ಕದ ಕವಚ ತೆಳು ಇದ್ದಷ್ಟೂ ತಿರುಗೋದು ಕಡಿಮೆ ಇರಲಿ. ನಿಮ್ಮ ಟಿ-28ರಲ್ಲಂತೂ ಈ ಲೆಕ್ಕವೇ ನಡೆಯಲ್ಲ. ಮುಂದೆ ಇರೋದೇ 30 ಎಂಎಂ, ಕವಚದ ಮೂರು ಪಟ್ಟಿಗಿಂತ ದೊಡ್ಡ ಎಪಿ ಗುಂಡು ಜಾರೋದೇ ಇಲ್ಲ ಅನ್ನೋದು ಆಟದ ನಿಯಮ. 90 ಎಂಎಂಗಿಂತ ದೊಡ್ಡ ಗನ್ ಎದುರು ಅದು ಯಾವ ಕೋನದಲ್ಲಿ ನಿಂತ್ರೂ ತೂತೇ. ಟಿ-28ರಲ್ಲಿ ಮೇಲಿನವರು ಹೇಳಿದ ಪೊದೆ ಆಟ ಆಡಿ, ಕವಚದ ಆಟವನ್ನ ಕೆವಿ-1ಕ್ಕೆ ಇಟ್ಕೊಳ್ಳಿ.

ಓಡ್ತಾ ಹೊಡೆಯೋದನ್ನೂ ಬಿಡಿ. ಹಲ್ ತಿರುಗಿದ್ರೂ ಟರೆಟ್ ತಿರುಗಿದ್ರೂ ಗುರಿ ವೃತ್ತ ದೊಡ್ಡದಾಗುತ್ತೆ. ಮರೆಯಿಂದ ಹೊರಗೆ ಬರೋ ಮೊದಲೇ ಗನ್ನನ್ನು ಶತ್ರು ಇರೋ ದಿಕ್ಕಿಗೆ ತಿರುಗಿಸಿಟ್ಕೊಂಡು ಬನ್ನಿ, ನಿಲ್ಲಿ, ವೃತ್ತ ಪೂರ್ತಿ ಕುಗ್ಗಲಿ, ಆಮೇಲೆ ಕ್ಲಿಕ್. ರೀಲೋಡ್ ಆಗುವಾಗ ಬಯಲಲ್ಲಿ ನಿಲ್ಲೋ ಕೆಲಸ ಏನೂ ಇಲ್ಲ.

ಹೊಸಬ_ಗನ್ನರ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಪೊದೆಯಿಂದ 15 ಮೀಟರ್ ಹಿಂದೆ ಬಂದು ನೋಡಿದೆ, ಆದ್ರೆ ಹಿಂದೆ ಬಂದ ಮೇಲೆ ಶತ್ರುವೇ ಮಾಯ ಆಗ್ತಾನಲ್ಲ? ಟೀಮಿನಲ್ಲಿ ಯಾರೂ ಸ್ಪಾಟ್ ಮಾಡದಿದ್ರೆ ಏನು ಮಾಡೋದು?

ಪೊದೆ_ಮರೆ:

ಸರಿಯಾಗಿ ಗಮನಿಸಿದ್ದೀರಿ. 15 ಮೀಟರ್ ಆಚೆಗಿನ ಪೊದೆ ನಿಮ್ಮ ನೋಟವನ್ನೂ ತಡೆಯುತ್ತೆ. ಹಿಂದೆ ನಿಂತು ಹೊಡೀಬೇಕು ಅಂದ್ರೆ ಬೇರೆಯವರು ಸ್ಪಾಟ್ ಮಾಡಿ ಕೊಡ್ತಿರಬೇಕು.

ಯಾರೂ ಇಲ್ಲದಿದ್ರೆ ಆ 10 ಸೆಕೆಂಡ್ ಬಳಸಿ. ಪೊದೆ ಹತ್ತಿರ ಬಂದು ಸುಮ್ಮನೆ ನಿಲ್ಲಿ, ಶತ್ರು ಕಾಣಿಸಿದ ಮೇಲೆ ನೇರವಾಗಿ ರಿವರ್ಸ್ ತಗೊಳ್ಳಿ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ 15 ಮೀಟರ್ ಬರೋಕೆ ಸುಮಾರು 4 ಸೆಕೆಂಡ್ ಸಾಕು. ಉಳಿದ 5–6 ಸೆಕೆಂಡ್ ಅವನು ಇನ್ನೂ ಕಾಣ್ತಿರ್ತಾನೆ, ಒಂದು ಗುಂಡಿಗೆ ಅಷ್ಟು ಹೊತ್ತು ಬೇಕಾದಷ್ಟಾಯ್ತು. ನೋಟ ಪೊದೆಯ ನೇರಕ್ಕೇ ಇರಲಿ, ಓರೆಯಾಗಿ ಬಂದ್ರೆ ಪೊದೆ ನಿಮ್ಮಿಬ್ಬರ ನಡುವೆ ಇರೋದೇ ಇಲ್ಲ.

ಇನ್ನೊಂದು ದಾರಿ, ಹೊಡೆಯದೇ ಇರೋದು. ನೀವು ಸ್ಪಾಟ್ ಮಾಡಿದ ಟ್ಯಾಂಕಿಗೆ ನಿಮ್ಮವರು ಹೊಡೆದ್ರೆ ಅದರ ಎಕ್ಸ್‌ಪೀರಿಯನ್ಸಿನಲ್ಲಿ ನಿಮಗೂ ಪಾಲು ಬರುತ್ತೆ. ಪ್ರೊಖೊರೊವ್ಕಾ, ಮಲಿನೊವ್ಕಾ ಥರದ ಬಯಲು ಮ್ಯಾಪ್‌ಗಳಲ್ಲಿ ಮೊದಲ ಎರಡು ನಿಮಿಷ ಹೀಗೆ ಸುಮ್ಮನಿದ್ದು ಕಾಯೋರೇ ಯುದ್ಧದ ದಿಕ್ಕು ತೀರ್ಮಾನಿಸೋದು. ಇಂಥ ಕೆಲಸಕ್ಕೆ ಬೈನಾಕ್ಯುಲರ್ ಒಳ್ಳೇದು, ವ್ಯೂ ರೇಂಜಿಗೆ ಶೇಕಡಾ 25 ಸೇರಿಸುತ್ತೆ, ಆದ್ರೆ ನಿಂತು 3 ಸೆಕೆಂಡ್ ಆದ ಮೇಲೆ. ಕ್ಯಾಮೊಫ್ಲಾಜ್ ಬಲೆಗೂ ಇದೇ 3 ಸೆಕೆಂಡ್. ಓಡಾಡ್ತಾ ಆಡೋರಿಗೆ ಕೋಟೆಡ್ ಆಪ್ಟಿಕ್ಸ್, ಅದು ಶೇಕಡಾ 10 ಅಷ್ಟೆ, ಆದ್ರೆ ಯಾವಾಗಲೂ ಕೆಲಸ ಮಾಡುತ್ತೆ.

ಕ್ರೆಡಿಟ್_ಲೆಕ್ಕ:

ಮೂರನೇದು ನಂದು. ಟಿಯರ್ 8 ಪ್ರೀಮಿಯಂ ಈಗ ಖಂಡಿತ ಬೇಡ. ಟಿಯರ್ 8ಕ್ಕೆ ಹೋದ್ರೆ ಒಮ್ಮೊಮ್ಮೆ ಟಿಯರ್ 10ರ ಎದುರೂ ಬೀಳ್ತೀರಿ, ಎದುರಿಗಿರೋರು ಮ್ಯಾಪಿನ ಒಂದೊಂದು ಬಂಡೆಯನ್ನೂ ಬಲ್ಲವರು. ಟಿಯರ್ 5, 6ರಲ್ಲಿ ಸಾಧಾರಣವಾಗಿ ಆಡಿದ್ರೂ ಕ್ರೆಡಿಟ್ ಉಳಿಯುತ್ತೆ. ಮೊದಲು ಅಲ್ಲೇ ಕಾಲೂರಿ.

ನಿಮ್ಮ ಕ್ರೆಡಿಟ್ ಸೋರ್ತಿರೋದು ಬಹುಶಃ ಪ್ರೀಮಿಯಂ ಗುಂಡಿನಿಂದ. ಅದು ಸಾಮಾನ್ಯ ಗುಂಡಿಗಿಂತ ಹಲವು ಪಟ್ಟು ದುಬಾರಿ. ಐದಾರು ಇಟ್ಕೊಳ್ಳಿ, 1 ಒತ್ತಿದ್ರೆ ಸಾಮಾನ್ಯ ಗುಂಡು, 2 ಒತ್ತಿದ್ರೆ ಪ್ರೀಮಿಯಂ ಅಂತ ಸಾಲಾಗಿ ಜೋಡಿಸ್ಕೊಳ್ಳಿ. ಸಾಮಾನ್ಯ ಗುಂಡು ಹೋಗೋ ಜಾಗವೇ ಕಾಣದಿದ್ದಾಗ ಮಾತ್ರ 2. ಗ್ಯಾರೇಜಿನಲ್ಲಿ ಆಟೋ ರಿಪೇರ್, ಆಟೋ ರೀಸಪ್ಲೈ ಟಿಕ್ ಆಗಿರಲಿ, ಇಲ್ಲಾಂದ್ರೆ ಖಾಲಿ ರ‍್ಯಾಕ್ ಇಟ್ಕೊಂಡು ಯುದ್ಧಕ್ಕೆ ಹೋಗ್ತೀರಿ.

ರಿಪೇರಿ ಕಿಟ್, ಫಸ್ಟ್ ಏಡ್, ಫೈರ್ ಎಕ್ಸ್‌ಟಿಂಗ್ವಿಷರ್ ಮೂರೂ ಯಾವಾಗಲೂ ಇರಲಿ. 4, 5, 6 ಕೀಗಳಲ್ಲಿ ಬರುತ್ತೆ. ಒಮ್ಮೆ ಬಳಸಿದ್ರೆ 90 ಸೆಕೆಂಡ್ ಕಾಯ್ಬೇಕು. ಹಾಗಾಗಿ ಮರೆಯಲ್ಲಿರುವಾಗ ಟ್ರ್ಯಾಕ್ ಕಳಚಿದ್ರೆ ಕಿಟ್ ಹಾಕ್ಬೇಡಿ, ಸಿಬ್ಬಂದಿ ಅವರೇ ಸರಿಮಾಡ್ತಾರೆ. ಬಯಲಲ್ಲಿ ಟ್ರ್ಯಾಕ್ ಹೋದ್ರೆ ತಕ್ಷಣ ಒತ್ತಿ.

ಟಿಯರ್ 4ರ ಟ್ಯಾಂಕಿಗೆ ಎಕ್ವಿಪ್‌ಮೆಂಟ್ ಖರ್ಚು ಮಾಡೋದು ವ್ಯರ್ಥ, ಬೇಗ ಬಿಟ್ಟು ಮುಂದೆ ಹೋಗ್ತೀರಿ. ಕೆವಿ-1ಕ್ಕೆ ಮೊದಲು ಗನ್ ರ‍್ಯಾಮರ್ ಹಾಕಿ, ರೀಲೋಡ್ ಶೇಕಡಾ 10 ಇಳಿಯುತ್ತೆ. ಪ್ರತಿ ಯುದ್ಧದ ಎಕ್ಸ್‌ಪೀರಿಯನ್ಸಿನ ಶೇಕಡಾ 5 ಫ್ರೀ ಎಕ್ಸ್‌ಪಿಯಾಗಿ (ಯಾವ ಟ್ಯಾಂಕಿಗೆ ಬೇಕಾದ್ರೂ ಬಳಸಬಹುದಾದದ್ದು) ಸೇರುತ್ತೆ, ಅದನ್ನ ಈಗಲೇ ಅಲ್ಲಲ್ಲಿ ಉದುರಿಸ್ಬೇಡಿ. ಕೆವಿ-1 ಕೈಗೆ ಬಂದ ದಿನ ಆರಂಭದ ಗನ್ನಿನಲ್ಲಿ ಒದ್ದಾಡೋ ಬದಲು ಆ ಎಕ್ಸ್‌ಪಿ ಹಾಕಿ 85 ಎಂಎಂ ಎಫ್-30 ತೆಗೀರಿ, ಪೆನಿಟ್ರೇಶನ್ ಸುಮಾರು 120. ಗನ್ ಕೂರೋಕೆ ಬೇರೆ ಟರೆಟ್ ಬೇಕು ಅಂತ ತೋರಿಸಿದ್ರೆ ಟರೆಟ್ ಮೊದಲು.

ಉಕ್ಕು_75:

ಇವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಎಚ್‌ಇ (ಸ್ಫೋಟಕ) ಗುಂಡು ನಾಲ್ಕಾದ್ರೂ ಇರಲಿ. ದಪ್ಪ ಕವಚಕ್ಕೆ ಅದು ಪ್ರಯೋಜನ ಇಲ್ಲ, 2021ರ ಬದಲಾವಣೆ ಆದ್ಮೇಲಂತೂ ಇನ್ನೂ ಕಡಿಮೆ. ಆದ್ರೆ ತೆರೆದ ಆರ್ಟಿಲರಿ, ತಗಡಿನಂಥ ಟ್ಯಾಂಕ್ ಡಿಸ್ಟ್ರಾಯರ್ ಸಿಕ್ಕಾಗ, ಬೇಸ್ ಕ್ಯಾಪ್ಚರ್ ನಿಲ್ಲಿಸೋಕೆ ಬೇಕಾಗುತ್ತೆ. ಸ್ಟ್ಯಾಂಡರ್ಡ್ ಬ್ಯಾಟಲ್‌ನಲ್ಲಿ ಶತ್ರು ಒಬ್ಬನೇ ನಿಮ್ಮ ಬೇಸಿನಲ್ಲಿ ನಿಂತ್ರೆ ಅದನ್ನ ಗೆಲ್ಲೋಕೆ ಬೇಕಾದ 100 ಪಾಯಿಂಟಿಗೆ 100 ಸೆಕೆಂಡ್, ಮೂರು ಜನ ನಿಂತ್ರೆ ಅದರ ಮೂರನೇ ಒಂದು ಭಾಗ. ಅವನಿಗೆ ಸ್ವಲ್ಪ ಡ್ಯಾಮೇಜ್ ಆದ್ರೂ ಅವನು ಗಳಿಸಿದ ಪಾಯಿಂಟ್ ಸೊನ್ನೆ.

ವಾರ್ ಥಂಡರ್ ಆಡಿ ಬಂದೋರಿಗೂ ಒಂದು ಮಾತು: ಅಲ್ಲಿ ಎಚ್‌ಪಿ (ಟ್ಯಾಂಕಿನ ಪ್ರಾಣ) ಪಟ್ಟಿ ಇಲ್ಲ, ಸಿಬ್ಬಂದಿಗೋ ಗುಂಡಿನ ರ‍್ಯಾಕಿಗೋ ಸರಿಯಾಗಿ ಬಿದ್ರೆ ಒಂದೇ ಏಟು. ಇಲ್ಲಿ ಎಚ್‌ಪಿ ಅನ್ನೋದು ಯುದ್ಧದ ಕೊನೇ ತನಕ ಉಳಿಸ್ಕೊಬೇಕಾದ ಬಂಡವಾಳ. 15 ನಿಮಿಷದ ಆಟದಲ್ಲಿ ಮೊದಲ ಮೂರು ನಿಮಿಷಕ್ಕೇ ಖರ್ಚು ಮಾಡ್ಬೇಡಿ.

ಹೊಸಬ_ಗನ್ನರ್:

ಎಲ್ಲ ಬರ್ಕೊಂಡೆ. ಕೊನೇದಾಗಿ ಒಂದು: ಎಲ್ಲಿ ತಪ್ತಿದ್ದೇನೆ ಅಂತ ನಾನೇ ನೋಡ್ಕೊಳ್ಳೋದು ಹೇಗೆ? ಜರ್ಮನಿಯಲ್ಲಿರೋ ನನ್ನ ಕಸಿನ್ ಜೊತೆ ಪ್ಲಟೂನ್ ಆಡೋಕೆ ಆಗುತ್ತಾ?

ಕ್ರೆಡಿಟ್_ಲೆಕ್ಕ:

ಪ್ಲಟೂನಿಗೆ ಮೂರು ಜನರ ತನಕ ಸೇರಬಹುದು, ಆದ್ರೆ ಎಲ್ಲರ ಅಕೌಂಟ್ ಒಂದೇ ಪ್ರದೇಶದ್ದಾಗಿರಬೇಕು. ನಿಮ್ಮದು ಏಷ್ಯಾ, ಅವರದು ಯುರೋಪ್ ಆಗಿದ್ರೆ ಆಗಲ್ಲ, ಗಳಿಸಿದ ಟ್ಯಾಂಕನ್ನ ಆ ಕಡೆ ಒಯ್ಯೋಕೂ ಬರಲ್ಲ. ಅವರ ಜೊತೆ ಆಡಲೇಬೇಕು ಅಂದ್ರೆ ಟಿಯರ್ 4ರಲ್ಲಿರುವಾಗಲೇ ಹೊಸ ಅಕೌಂಟ್ ಮಾಡಿ. ಇನ್ವೈಟ್ ಕೋಡ್ ಇದ್ರೆ ನೋಂದಣಿ ಮಾಡುವಾಗಲೇ ಹಾಕ್ಬೇಕು, ಆಮೇಲೆ ಹಾಕೋಕೆ ಜಾಗ ಇಲ್ಲ. ಆ ಅಕೌಂಟಿನಲ್ಲಿ ಟಿಯರ್ ಏರೋ ಮೊದಲು ಎಡಗಡೆ ಮೇಲಿನ ಮೂಲೆಯಲ್ಲಿ ಕಾಣೋ ಪಿಂಗ್ (ಸರ್ವರ್ ತಲುಪಿ ಬರೋಕೆ ಹಿಡಿಯೋ ಹೊತ್ತು) ಎಷ್ಟು ಬರುತ್ತೆ ಅಂತ ಸಂಜೆ ಹೊತ್ತಲ್ಲಿ ನೋಡ್ಕೊಳ್ಳಿ.

ಪೊದೆ_ಮರೆ:

ಸೆಟ್ಟಿಂಗ್ಸ್‌ನಲ್ಲಿ ರೆಕಾರ್ಡ್ ಬ್ಯಾಟಲ್ಸ್ ಆನ್ ಮಾಡಿ. ಆಟದ ಫೋಲ್ಡರಿನಲ್ಲಿ ರಿಪ್ಲೇಸ್ ಅನ್ನೋ ಫೋಲ್ಡರ್ ಇರುತ್ತೆ, ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿದ್ರೆ ಓಡುತ್ತೆ. ಆಟದ ಅಪ್‌ಡೇಟ್ ಬಂದ್ರೆ ಹಳೇ ಫೈಲ್ ಸರಿಯಾಗಿ ಓಡದೇ ಇರಬಹುದು, ಅವತ್ತಿನದನ್ನು ಅವತ್ತೇ ನೋಡಿ. ಪೂರ್ತಿ ನೋಡೋ ಅಗತ್ಯ ಇಲ್ಲ. ನೀವು ಔಟ್ ಆದ ಕ್ಷಣದಿಂದ 30 ಸೆಕೆಂಡ್ ಹಿಂದಕ್ಕೆ ಹೋಗಿ, ಬಲ್ಬ್ ಯಾವಾಗ ಉರೀತು, ಆಗ ಮಿನಿಮ್ಯಾಪಿನಲ್ಲಿ ನಿಮ್ಮ ಪಕ್ಕ ಎಷ್ಟು ಜನ ಇದ್ರು, ಹತ್ತಿರದ ಗಟ್ಟಿ ಮರೆ ಎಷ್ಟು ದೂರ ಇತ್ತು ನೋಡಿ. ಮರೆ ತಲುಪೋಕೆ 5 ಸೆಕೆಂಡಿಗಿಂತ ಜಾಸ್ತಿ ಬೇಕಿತ್ತು ಅಂದ್ರೆ ನಿಂತ ಜಾಗವೇ ತಪ್ಪು, ಗುರಿಯಲ್ಲ.