ಪೋಸ್ಟ್‌ಗ್ರೆಸ್ 16 ಇತ್ತು, ತಾನಾಗಿ 17 ಆಯಿತು, ಈಗ ಏಳುತ್ತಿಲ್ಲ

ಡೊಂಬಿವಲಿ_ಲೋಕಲ್:
ನಮ್ಮ ಕನ್ನಡ ಸಂಘದ ಯಕ್ಷಗಾನದ ಫೋಟೋಗಳೆಲ್ಲ ನಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲಿವೆ. ಫೋಟೋ ಇಟ್ಟು ಹಂಚುವ ನೆಕ್ಸ್ಟ್‌ಕ್ಲೌಡ್, ಅದರ ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಎರಡೂ ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಬೇರೆ ಬೇರೆ ಕಂಟೇನರ್‌ಗಳಲ್ಲಿ ಓಡಿಸುವ ಸಾಧನ). ಭಾನುವಾರ ಸುಮ್ನೆ ಇರಲಾರದೆ ಪುಲ್ ಮಾಡಿ ಹೊಸ ಇಮೇಜ್ (ಪ್ರೋಗ್ರಾಂನ ಸಿದ್ಧ ಪ್ಯಾಕೇಜ್) ಇಳಿಸಿಕೊಂಡೆ. ಆಗಿನಿಂದ ಡೇಟಾಬೇಸ್ ಎದ್ದು ಎದ್ದು ಬೀಳುತ್ತಿದೆ. ಲಾಗ್‌ನಲ್ಲಿ ‘ಡೇಟಾಬೇಸ್ ಫೈಲ್ಸ್ ಆರ್ ಇನ್‌ಕಂಪ್ಯಾಟಿಬಲ್ ವಿತ್ ಸರ್ವರ್’ ಎಂದಿದೆ. ವಾಲ್ಯೂಮ್ (ಡೇಟಾ ಇರುವ ಜಾಗ) ಅಳಿಸಿ ಹೊಸದಾಗಿ ಶುರು ಮಾಡಲಾ?

ಪಿಂಪ್ರಿ_ರೂಟ್:
ಅಳಿಸಬೇಡಿ ಮಾರಾಯ್ರೇ! ಡೇಟಾ ಎಲ್ಲೂ ಹೋಗಿಲ್ಲ. ಡಾಕರ್ ಏನೇನು ಓಡಿಸಬೇಕೆಂದು ಬರೆದಿಟ್ಟ ಕಂಪೋಸ್ ಫೈಲಿನಲ್ಲಿ ಇಮೇಜ್ ಟ್ಯಾಗ್ (ಆವೃತ್ತಿಯ ಗುರುತು) ‘ಲೇಟೆಸ್ಟ್’ ಅಂತ ಇದೆ, ಅಲ್ವಾ?

ಡೊಂಬಿವಲಿ_ಲೋಕಲ್:
ಹೌದು. ಹೊಸದು ಒಳ್ಳೆಯದು ಅಂದುಕೊಂಡಿದ್ದೆ.

ಪಿಂಪ್ರಿ_ರೂಟ್:
ನಾನೂ ಹಾಗೇ ಅಂದುಕೊಂಡು ಒಂದು ರಾತ್ರಿ ನಿದ್ದೆಗೆಟ್ಟಿದ್ದೇನೆ. 16.3ರಿಂದ 16.4ಕ್ಕೆ ಹೋದರೆ ತೊಂದರೆಯಿಲ್ಲ, ಡಿಸ್ಕಿನಲ್ಲಿರುವ ಫೈಲುಗಳ ರೂಪ ಅದೇ. ಚುಕ್ಕೆಗೆ ಮೊದಲಿನ ಸಂಖ್ಯೆ ಬದಲಾದರೆ ರೂಪವೂ ಬದಲಾಗುತ್ತದೆ. 16 ಬರೆದಿಟ್ಟದ್ದನ್ನು 17 ಓದುವುದಿಲ್ಲ.

ಮೊದಲು ಟ್ಯಾಗ್ 16 ಎಂದು ಬದಲಿಸಿ, ಡೇಟಾಬೇಸ್ ಮಾತ್ರ ಎಬ್ಬಿಸಿ. ನೆಕ್ಸ್ಟ್‌ಕ್ಲೌಡ್ ನಿಂತೇ ಇರಲಿ. ಡೇಟಾಬೇಸನ್ನೆಲ್ಲ ಒಂದು ಫೈಲಿಗೆ (ಡಂಪ್) ಬರೆಯುವ ಪಿಜಿ_ಡಂಪ್‌ಆಲ್ ಓಡಿಸಿ, ಆ ಫೈಲನ್ನು ಬೇರೆ ಡಿಸ್ಕಿಗೂ ನಕಲು ಮಾಡಿ. ಅದನ್ನು ಕಂಟೇನರ್ ಒಳಗೆ ಓಡಿಸುವ ಕಂಪೋಸ್ ಎಕ್ಸೆಕ್ ಆಜ್ಞೆಯ ಜೊತೆ ಮೈನಸ್ ದೊಡ್ಡ ‘ಟಿ’ ಹಾಕಲು ಮರೆಯಬೇಡಿ. ಫೈಲಿನ ಕೊನೆಯಲ್ಲಿ ‘ಕ್ಲಸ್ಟರ್ ಡಂಪ್ ಕಂಪ್ಲೀಟ್’ ಎಂಬ ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಡಂಪ್ ಅರ್ಧಕ್ಕೇ ನಿಂತಿದೆ. ಆಮೇಲೆ ಹೊಸ ಹೆಸರಿನ ವಾಲ್ಯೂಮ್‌ನಲ್ಲಿ 17 ಎಬ್ಬಿಸಿ, ಪಿಎಸ್‌ಕ್ಯೂಎಲ್ ಆಜ್ಞೆಯಿಂದ ಡಂಪನ್ನು ಅದಕ್ಕೆ ತುಂಬಿ. ಹಳೇ ವಾಲ್ಯೂಮ್ ಒಂದು ತಿಂಗಳು ಮುಟ್ಟಬೇಡಿ.

ನಿಜ ಹೇಳಬೇಕೆಂದರೆ 16ರಲ್ಲೇ ಇದ್ದರೂ ನಡೆಯುತ್ತದೆ. ವರ್ಷಕ್ಕೊಂದು ದೊಡ್ಡ ಆವೃತ್ತಿ ಬಂದರೂ ಪ್ರತಿಯೊಂದಕ್ಕೂ 5 ವರ್ಷ ರಿಪೇರಿ ಸಿಗುತ್ತದೆ. 16ಕ್ಕೆ 2028ರ ನವೆಂಬರ್‌ವರೆಗೆ ಇದೆ.

ಡೊಂಬಿವಲಿ_ಲೋಕಲ್:
17ಕ್ಕೇ ಹೋದೆ. ತುಂಬುವಾಗ ‘ರೋಲ್ ಆಲ್‌ರೆಡಿ ಎಕ್ಸಿಸ್ಟ್ಸ್’ ಎಂದು ಒಂದು ಎರರ್ ಬಂತು. ಫೋಟೋಗಳು ಕಾಣುತ್ತಿವೆ.

ಪಿಂಪ್ರಿ_ರೂಟ್:
ಅದೊಂದು ಎರರ್ ಬಿಟ್ಟುಬಿಡಿ. ಕಂಟೇನರ್ ಮೊದಲೇ ಮಾಡಿಟ್ಟ ಯೂಸರನ್ನೇ ಡಂಪ್ ಮತ್ತೆ ಮಾಡಲು ಹೋಗಿದೆ, ಅಷ್ಟೆ.

ಡೊಂಬಿವಲಿ_ಲೋಕಲ್:
ನೆಕ್ಸ್ಟ್‌ಕ್ಲೌಡ್ ಇನ್ನೂ 29. ನೇರ 31 ಹಾಕಬಹುದಾ?

ಪಿಂಪ್ರಿ_ರೂಟ್:
ಆಗಲ್ಲ. ಡಂಪ್ ಇದ್ದರೆ ಪೋಸ್ಟ್‌ಗ್ರೆಸ್ ನಡುವಿನ ನಿಲ್ದಾಣ ಬಿಟ್ಟು ಓಡುವ ಫಾಸ್ಟ್ ಲೋಕಲ್ ರೈಲು ಇದ್ದ ಹಾಗೆ, 13ರಿಂದ 17ಕ್ಕೂ ಹಾರಬಹುದು. ನೆಕ್ಸ್ಟ್‌ಕ್ಲೌಡ್ ಸ್ಲೋ ಲೋಕಲ್, 30ರಲ್ಲಿ ನಿಲ್ಲಲೇಬೇಕು. ಅಲ್ಲಿ ಅಪ್‌ಗ್ರೇಡ್ ಪೂರ್ತಿ ಮುಗಿದು ಲಾಗಿನ್ ಆದಮೇಲೆ 31 ಹಾಕಿ. ನೆಕ್ಸ್ಟ್‌ಕ್ಲೌಡ್ ಟ್ಯಾಗಿನಲ್ಲೂ ‘ಲೇಟೆಸ್ಟ್’ ಇದ್ದರೆ ಇವತ್ತೇ ತೆಗೆಯಿರಿ.