ಇಳಿಜಾರು ತೋಟದಿಂದ ದಿಮ್ಮಿ ಎಳೆಯಲು ಟ್ರ್ಯಾಕ್ಟರ್‌ಗೆ ಹೈಡ್ರಾಲಿಕ್ ವಿಂಚ್: ಗೊತ್ತಿದ್ದವರು ಹೇಳಿ

ಪ್ರಶ್ನೆ: ಸಕಲೇಶಪುರ ಕಡೆ ಕಾಫಿ ತೋಟ. ಹಳ್ಳದ ಬದಿಯ ಸಿಲ್ವರ್ ಓಕ್ ದಿಮ್ಮಿಗಳನ್ನು ಮೇಲಿನ ರಸ್ತೆಗೆ ಎಳೆಯಬೇಕು. 50 ಎಚ್‌ಪಿ ಟ್ರ್ಯಾಕ್ಟರ್ ಇದೆ, ಟ್ರೇಲರ್ ಟಿಪ್ಪಿಂಗ್‌ಗೆ ಹಿಂದೆ ಆಯಿಲ್ ಪಾಯಿಂಟ್ ಇದೆ. ಮೂರು ಟನ್ ವಿಂಚ್ (ಡ್ರಮ್ಮಿಗೆ ರೋಪ್ ಸುತ್ತಿ ಎಳೆಯುವ ಯಂತ್ರ) ಸಾಕಾ, ಐದು ಬೇಕಾ?

ಉತ್ತರ 1: ದಿಮ್ಮಿಯ ತೂಕದಿಂದ ಶುರು ಮಾಡಿ ಸರ್. ಆರಡಿ ಸುತ್ತಳತೆ, ಹನ್ನೆರಡಡಿ ಉದ್ದದ್ದು ನಾಟಾ ಲೆಕ್ಕದಲ್ಲಿ 27 ಸಿಎಫ್‌ಟಿ (ಘನ ಅಡಿ). ಸುತ್ತಳತೆಯ ಕಾಲು ಭಾಗ ಹಿಡಿಯುವ ಆ ಲೆಕ್ಕ ವ್ಯಾಪಾರಕ್ಕೆ ಸರಿ, ತೂಕಕ್ಕಲ್ಲ. ನಿಜವಾದ ಗಾತ್ರ 34 ದಾಟುತ್ತದೆ. ಹಸಿ ಮರ ಅಂದರೆ ಹತ್ತಿರಹತ್ತಿರ ಒಂದು ಟನ್. 20 ಡಿಗ್ರಿ ಏರಿನಲ್ಲಿ ನೆಲಕ್ಕೆ ಉಜ್ಜಿಕೊಂಡು ಬರಲು ಸುಮಾರು 900 ಕೆಜಿ ಎಳೆತ ಬೇಕು. ಬೊಡ್ಡೆಗೆ ತಗುಲಿದರೆ, ಕೆಸರಿನಲ್ಲಿ ಮೂತಿ ಹೂತರೆ ಅದರ ಎರಡು ಪಟ್ಟು. ಮುಂದಿನ ಅಂಚನ್ನು ಗರಗಸದಲ್ಲಿ ದುಂಡಗೆ ಕೆತ್ತಿ, ಸರಪಳಿಯನ್ನು ತುದಿಯಿಂದ ಒಂದೂವರೆ ಅಡಿ ಹಿಂದೆ ಬಿಗಿದರೆ ಅರ್ಧ ತೊಂದರೆ ಅಲ್ಲೇ ಕಡಿಮೆ.

ಮೂರು ಟನ್ ಸಾಕು. ಆದರೆ ವಿಂಚಿನ ಪ್ಲೇಟ್ ಮೇಲಿನ ಆ ಅಂಕಿ ಡ್ರಮ್ಮಿನ ಮೊದಲ ಪದರಕ್ಕೆ ಮಾತ್ರ. ರೋಪ್ ನಾಲ್ಕನೇ ಪದರಕ್ಕೆ ಏರುವಷ್ಟರಲ್ಲಿ ಎಳೆತ ಎರಡು ಟನ್ ಆಸುಪಾಸಿಗೆ ಇಳಿದಿರುತ್ತದೆ. ಇರಲಿ ಅಂತ ನೂರು ಮೀಟರ್ ರೋಪ್ ಸುತ್ತಿಸಬೇಡಿ. ಪೂರ್ತಿ ಬಿಟ್ಟಾಗಲೂ ಡ್ರಮ್ ಮೇಲೆ ಐದು ಸುತ್ತು ಉಳಿಯಲೇಬೇಕು.

ಉತ್ತರ 2 (ಹೈಡ್ರಾಲಿಕ್ ರಿಪೇರಿ ಕೆಲಸ): ಟನ್ ಲೆಕ್ಕಕ್ಕಿಂತ ನಿಮ್ಮ ಪಂಪ್ ನಿಮಿಷಕ್ಕೆ ಎಷ್ಟು ಲೀಟರ್ ಕೊಡುತ್ತದೆ ನೋಡಿ. 30 ಲೀಟರ್, 150 ಬಾರ್ ಸಿಕ್ಕರೆ 7.5 ಕಿಲೋವ್ಯಾಟ್, ಮೋಟಾರ್, ಗೇರ್ ನಷ್ಟ ಕಳೆದು ಐದು ಚಿಲ್ಲರೆ. ಎರಡು ಟನ್ ಭಾರದಲ್ಲಿ ನಿಮಿಷಕ್ಕೆ 15 ಮೀಟರ್ ಬರುತ್ತದೆ, ಅಷ್ಟೇ. ದಿನಪೂರ್ತಿ ನಾಟಾ ಎಳೆಯುವುದೇ ಕೆಲಸವಾದರೆ ಪಿಟಿಒ (ಟ್ರ್ಯಾಕ್ಟರ್ ಹಿಂದೆ ತಿರುಗುವ ಶಾಫ್ಟ್) ವಿಂಚ್ ಒಳ್ಳೆಯದು. ಹೈಡ್ರಾಲಿಕ್‌ನ ಲಾಭ ಬೇರೆ: ನಯವಾಗಿ ಎಳೆಯುತ್ತದೆ, ಭಾರ ಮೀರಿದರೆ ರಿಲೀಫ್ ವಾಲ್ವ್ ತೆರೆದು ನಿಂತುಬಿಡುತ್ತದೆ, ಗೇರ್ ಮುರಿಯುವುದಿಲ್ಲ.

ಟಿಪ್ಪಿಂಗ್ ಪಾಯಿಂಟ್ ಸಿಂಗಲ್ ಆಕ್ಟಿಂಗ್, ಅಂದರೆ ಆಯಿಲ್ ಹೋಗಿ ಬರುವುದು ಒಂದೇ ಲೈನಿನಲ್ಲಿ. ವಿಂಚ್‌ಗೆ ಎರಡು ಲೈನಿನ ಡಬಲ್ ಆಕ್ಟಿಂಗ್ ಡಿಸಿವಿ (ಆಯಿಲ್ ದಿಕ್ಕು ಬದಲಿಸುವ ವಾಲ್ವ್) ಬೇಕು, ಅದರಲ್ಲೂ ಮೋಟಾರ್ ಸ್ಪೂಲ್ (ಸ್ಪೂಲ್ ಅಂದರೆ ವಾಲ್ವ್ ಒಳಗೆ ಜರುಗುವ ಕಡ್ಡಿ) ಇರುವುದನ್ನೇ ಕೇಳಿ ತಗೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲೇ. ವಿಂಚಿನ ಬ್ರೇಕ್ ಸ್ಪ್ರಿಂಗ್‌ನಿಂದ ಹಿಡಿಯುತ್ತದೆ, ಆಯಿಲ್ ಒತ್ತಡದಿಂದ ಬಿಡುತ್ತದೆ. ಸಿಲಿಂಡರ್ ಸ್ಪೂಲ್ ಆದರೆ ಲಿವರ್ ನ್ಯೂಟ್ರಲ್‌ಗೆ ಬಂದರೂ ಎರಡೂ ಲೈನ್ ಮುಚ್ಚಿ ಒತ್ತಡ ಒಳಗೇ ಸಿಕ್ಕಿಬೀಳುತ್ತದೆ, ಬ್ರೇಕ್ ಪೂರ್ತಿ ಕೂರುವುದಿಲ್ಲ, ದಿಮ್ಮಿ ಮೆಲ್ಲಗೆ ಹಿಂದಕ್ಕೆ ಜಾರುತ್ತದೆ. ಮೋಟಾರ್ ಸ್ಪೂಲ್ ನ್ಯೂಟ್ರಲ್‌ನಲ್ಲಿ ಎರಡೂ ಲೈನನ್ನು ಟ್ಯಾಂಕಿಗೆ ಬಿಡುತ್ತದೆ.

ಪ್ರೆಶರ್ ಹೋಸ್ ಅರ್ಧ ಇಂಚು, ಎರಡು ವೈರ್‌ನದು. ರಿಟರ್ನ್ ಮುಕ್ಕಾಲು ಇಂಚು. ಮೋಟಾರ್‌ಗೆ ಕೇಸ್ ಡ್ರೈನ್ (ಒಳಗೆ ಸೋರಿದ ಆಯಿಲ್ ಹೊರಹೋಗುವ ಲೈನ್) ಇದ್ದರೆ ಅದು ರಿಟರ್ನ್‌ಗೆ ಸೇರದೆ ನೇರ ಟ್ಯಾಂಕಿಗೆ ಹೋಗಲಿ. ಅದಕ್ಕೆ ಕ್ವಿಕ್ ಕಪ್ಲರ್ ಹಾಕಬೇಡಿ: ಒಂದು ದಿನ ಸಿಕ್ಕಿಸಲು ಮರೆತರೆ ಶಾಫ್ಟ್ ಸೀಲ್ ಹಾರಿಹೋಗುತ್ತದೆ.

ಉತ್ತರ 3: ಟ್ರ್ಯಾಕ್ಟರ್ ಬಗ್ಗೆ ಯಾರೂ ಹೇಳಲಿಲ್ಲ. ಅದರ ತೂಕವೇ ಎರಡು ಟನ್ ಚಿಲ್ಲರೆ, ಮೂರು ಟನ್ ಎಳೆದರೆ ದಿಮ್ಮಿ ಬದಲು ಅದೇ ಜಾರಿಕೊಂಡು ಹಳ್ಳಕ್ಕೆ ಹೋಗುತ್ತದೆ. ನೆಲಕ್ಕೆ ಕಚ್ಚುವ ಪ್ಲೇಟ್ ಇರಬೇಕು, ಇಲ್ಲವೇ ಮುಂದಿನ ಹುಕ್ಕಿನಿಂದ ಗಟ್ಟಿ ಮರಕ್ಕೆ ಕಟ್ಟಬೇಕು. ರೋಪ್ ಟ್ರ್ಯಾಕ್ಟರ್‌ನಿಂದ ಹೊರಡುವ ಜಾಗ ಹಿಂದಿನ ಆಕ್ಸಲ್‌ಗಿಂತ ಕೆಳಗಿರಲಿ. ಟಾಪ್ ಲಿಂಕ್ ಎತ್ತರದಿಂದ ಎಳೆದರೆ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚುತ್ತದೆ. ಅಡ್ಡ ಎಳೆತವಂತೂ ಬೇಡವೇ ಬೇಡ. ದಿಕ್ಕು ತಿರುಗಿಸಬೇಕಿದ್ದರೆ ಕಪ್ಪಿ ಹಾಕಿ.

ಕಪ್ಪಿಯನ್ನು ದಿಮ್ಮಿಗೆ ಕಟ್ಟಿ ರೋಪಿನ ತುದಿಯನ್ನು ಮೇಲೆ ವಾಪಸ್ ತಂದರೆ ಎಳೆತ ಎರಡು ಪಟ್ಟು, ವೇಗ ಅರ್ಧ. ಆದರೆ ಕಪ್ಪಿ ಮೇಲೂ ಅದರ ಶಾಕಲ್ (ಜೋಡಿಸುವ ಕೊಂಡಿ) ಮೇಲೂ ಬೀಳುವ ಭಾರವೂ ಎರಡು ಪಟ್ಟು: ಮೂರು ಟನ್ ಎಳೆತಕ್ಕೆ ಆರು ಟನ್‌ಗೆ ಮೇಲಿನದು ಬೇಕು. ದಿಕ್ಕು ಬದಲಿಸಿದಾಗ ರೋಪು ಮಾಡುವ ಮೂಲೆಯ ಒಳಗಡೆ ಯಾರೂ ನಿಲ್ಲಬಾರದು. ಕಪ್ಪಿ ಕಿತ್ತರೆ ರೋಪು ಬೀಸಿಕೊಂಡು ಬರುವುದು ಅಲ್ಲಿಗೇ. ಕಪ್ಪಿ ಕಟ್ಟುವ ಮರಕ್ಕೆ ಅಗಲ ಪಟ್ಟಿಯ ಬೆಲ್ಟ್ ಸುತ್ತಿ, ಸರಪಳಿ ತೊಗಟೆ ಕೊಯ್ಯುತ್ತದೆ. ಮೆಣಸಿನ ಬಳ್ಳಿ ಹಬ್ಬಿಸಿದ ಮರ ಬಿಟ್ಟುಬಿಡಿ, ದಿಮ್ಮಿಗಿಂತ ಬಳ್ಳಿಯ ನಷ್ಟವೇ ಜಾಸ್ತಿ ಆದೀತು.

ಪ್ರಶ್ನೆ ಕೇಳಿದವರು: ತುಂಬ ಉಪಕಾರ. ರೋಪ್ ಎಷ್ಟು ದಪ್ಪ? ತುದಿಗೆ ಯು ಕ್ಲಾಂಪ್ ನಡೆಯುತ್ತಾ?

ಉತ್ತರ 2: 12 ಎಂಎಂ, ಸ್ಟೀಲ್ ಕೋರ್ ಇರುವುದು. ಹೊಸದು ತುಂಡಾಗಲು ಒಂಬತ್ತು ಟನ್ ಹತ್ತಿರ ಬೇಕು. 10 ಎಂಎಂ ಆರು ಟನ್ ಚಿಲ್ಲರೆ, ಅಷ್ಟು ಬಿಗಿಯಾಗಿ ಹೋಗಬೇಡಿ. ಪ್ರೆಸ್ ಮಾಡಿಸಿದ ತುದಿಯೇ ವಾಸಿ. ಯು ಕ್ಲಾಂಪ್ ಆದರೆ ಥಿಂಬಲ್ (ರೋಪಿನ ಕುಣಿಕೆಯೊಳಗೆ ಕೂರುವ ಲೋಹದ ತೋಡು) ಇಟ್ಟು ನಾಲ್ಕು ಹಾಕಿ, ನಡುವೆ ಮೂರಿಂಚು ಬಿಡಿ. ನಟ್ ಇರುವ ತಡಿ (ಕ್ಲಾಂಪಿನ ಸ್ಯಾಡಲ್ ತುಂಡು) ಭಾರ ಎಳೆಯುವ ರೋಪಿನ ಮೇಲೆ ಕೂರಬೇಕು, ಯು ಬೋಲ್ಟ್ ಮಡಚಿದ ಗಿಡ್ಡ ತುದಿಯ ಮೇಲೆ. ತಿರುವುಮುರುವಾದರೆ ಯು ಬೋಲ್ಟ್ ಎಳೆಯುವ ರೋಪನ್ನೇ ಜಜ್ಜುತ್ತದೆ. ಮೊದಲ ದಿಮ್ಮಿ ಎಳೆದ ಮೇಲೆ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಹೊಸ ರೋಪನ್ನು ಸ್ವಲ್ಪ ಭಾರ ಕೊಟ್ಟೇ ಡ್ರಮ್ಮಿಗೆ ಸುತ್ತಿ, ಸಡಿಲ ಸುತ್ತಿದರೆ ಮೇಲಿನ ಪದರ ಕೆಳಗಿನದರ ಸಂದಿಗೆ ಇಳಿದು ಸಿಕ್ಕಿಹಾಕಿಕೊಳ್ಳುತ್ತದೆ.